ಐದು ಮನೆಯ ಯಂತ್ರ, ಶನಿವಾರದ ನಾಲ್ಕು ಗಂಟೆ

ನಮ್ಮೂರಿನಲ್ಲಿ ತಾಸು ತಾನಾಗಿ ಮುಂದಕ್ಕೆ ಹೋಗುವುದಿಲ್ಲ. ನಡು ಊರಿನ ಹುಡೇವು, ಅಂದರೆ ಹಳೆಯ ಕಾವಲು ಬುರುಜು, ಹತ್ತಿ, ನಾಲ್ಕು ದಿಕ್ಕಿಗೆ ನಾಲ್ಕು ಸಲ ಪಿಸ್ತೂಲು ಹಾರಿಸಬೇಕು. ಹಾರಿಸದಿದ್ದರೆ ಹೊತ್ತು ಐವತ್ತೊಂಬತ್ತನೆಯ ನಿಮಿಷದವರೆಗೆ ಬಂದು, ದಾರಿಯಲ್ಲಿ ಮಲಗಿದ ಎಮ್ಮೆಯ ಹಾಗೆ ಮಲಗಿಬಿಡುತ್ತದೆ. ಗಡಿಯಾರದ ಮುಳ್ಳು ಅಲ್ಲೇ, ಗೋಡೆಯ ಮೇಲಿನ ಬಿಸಿಲೂ ಅಲ್ಲೇ. ಒಲೆಯ ಮೇಲಿನ ಬೇಳೆ ಮಾತ್ರ ಬೇಯುತ್ತಲೇ ಇರುತ್ತದೆ. ಹಾಗಾಗಿ ಐವತ್ತೊಂಬತ್ತಾಯಿತು ಅಂದರೆ ನಮ್ಮ ಹೆಂಗಸರು ಉರಿ ತಗ್ಗಿಸುತ್ತಾರೆ, ಗಂಡಸರು ಬೀಡಿ ಹಚ್ಚುತ್ತಾರೆ, ಸಾಲಿಯ ಮಾಸ್ತರರು ಲೆಕ್ಕ ಬಿಡಿಸುವುದನ್ನು ನಿಲ್ಲಿಸಿ ಕಿಟಕಿಯಿಂದ ಹುಡೇವಿನ ಕಡೆ ನೋಡುತ್ತಾರೆ. ಗುಂಡಿನ ಸದ್ದು ಕೇಳಿದ ಕೂಡಲೇ ಯಾರು ಏನೇ ಮಾಡುತ್ತಿರಲಿ, ಕೈಯಲ್ಲಿದ್ದದ್ದನ್ನು ಬಿಟ್ಟು, ಬಲಗೈ ಎದೆಗೆ ಹಚ್ಚಿ, "ಬಂತು" ಅನ್ನಬೇಕು. ಬಂದ ಹೊತ್ತಿಗೆ ಕೊಡುವ ಮರ್ಯಾದೆ ಅದು. ಕಪಾಳಕ್ಕೆಂದು ಎತ್ತಿದ ಕೈ ಎದೆಗೆ ಹೋಗಿ, ನಮ್ಮೂರಿನ ಎಷ್ಟೋ ಜಗಳಗಳು ಅರ್ಧಕ್ಕೇ ಮುಗಿದಿವೆ. ಹೊರಗಿನಿಂದ ಬಂದವರು ಇದೇನ್ರಿ ಅಂತ ಕೇಳುತ್ತಾರೆ. ನಿಮ್ಮಲ್ಲಿ ಹಂಗಿಲ್ಲೇನು ಅಂತ ನಾವು ಕೇಳುತ್ತೇವೆ.

ಹಗಲು ಪಾಳಿಯಲ್ಲಿ ಪಿಸ್ತೂಲು ಹಾರಿಸುವವನು ನನ್ನ ಗಂಡ ದ್ಯಾಮಣ್ಣ. ತೋಟಾ ತುಂಬುವವಳು ನಾನು, ನೀಲವ್ವ. ಊರವರು ಅವನಿಗೆ ತಾಸಪ್ಪ ಎನ್ನುತ್ತಾರೆ, ಮದುವೆಯಲ್ಲಿ ಮೊದಲ ಪಂಕ್ತಿಗೆ ಕರೆಯುತ್ತಾರೆ, ಅವನು ಎದುರಿಗೆ ಬಂದರೆ ಸೈಕಲ್ಲಿನಿಂದ ಇಳಿಯುತ್ತಾರೆ. ನನಗೆ ಇಳಿದವರನ್ನು ನಾನು ನೋಡಿಲ್ಲ. ಹಾರಿಸಿ ಖಾಲಿಯಾದ ಹಿತ್ತಾಳೆ ಕೊಳವೆಗಳನ್ನು ಅವನು ಚೀಲದಲ್ಲಿ ತಂದು ಅಡುಗೆಮನೆಯ ಬಾಗಿಲಲ್ಲಿ ಸುರಿಯುತ್ತಾನೆ. ನಾನು ಒಂದೊಂದನ್ನೂ ತೊಳೆದು, ಬುಡದಲ್ಲಿ ಕಿಡಿ ಹಾರಿಸಿ ಸುಟ್ಟುಹೋದ ಕೇಪು ಕಿತ್ತು, ಹೊಸ ಕೇಪು ಕೂರಿಸಿ, ಸಣ್ಣ ಚಮಚೆಯಲ್ಲಿ ಮದ್ದು ಹಾಕಿ, ಮೇಣದ ಗುಂಡು ಒತ್ತಿ, ಬಾಯಿ ಬಿಗಿದು ಡಬ್ಬಿಗೆ ಹಾಕಬೇಕು. ರಾತ್ರಿ ಪಾಳಿಯದೂ ಸೇರಿ ದಿನಕ್ಕೆ ತೊಂಬತ್ತಾರು. ಒಂದಕ್ಕೆ ಐದು ನಿಮಿಷ ಹಿಡಿದರೂ ಎಂಟು ತಾಸು ನನ್ನ ತಲೆ ಬಗ್ಗಿಯೇ ಇರುತ್ತದೆ. ಇದರ ನಡುವೆ ರೊಟ್ಟಿ, ನೀರು, ಬಟ್ಟೆ, ಮತ್ತು ಕಾಶಿ.

ಕಾಶಿ ನಮ್ಮ ಒಬ್ಬಳೇ ಮಗಳು, ಹತ್ತು ವರ್ಷ. ಎರಡು ವರ್ಷದಿಂದ ಸಾಲಿಯಲ್ಲಿ ಮಲ್ಲಕಂಬ ಕಲಿಯುತ್ತಿದ್ದಾಳೆ. ಆಕೆ ಕಂಬ ಏರುವುದನ್ನು ಹಾಲಿನವನು ನೋಡಿದ್ದಾನೆ, ಹಿಟ್ಟಿನ ಗಿರಣಿಯವಳು ನೋಡಿದ್ದಾಳೆ, ದಿನಾ ಹುಡೇವಿನ ಮೇಲಿನಿಂದ ಅವರಪ್ಪ ನೋಡುತ್ತಾನೆ. ನಾನೊಬ್ಬಳು ನೋಡಿಲ್ಲ. ಸಾಲಿಯ ವಾರ್ಷಿಕೋತ್ಸವ, ಈ ಸಲದ ಗ್ಯಾದರಿಂಗ್, ಶನಿವಾರ ನಾಲ್ಕು ಗಂಟೆಗೆ ಎಂದು ಗೊತ್ತಾದ ದಿನ ಆಕೆ ನನ್ನ ಮುಂದೆ ಬಂದು ಕೂತಳು.

"ಅವ್ವಾ, ಶನಿವಾರ ನಾ ಕಂಬದ ತುದೀಗೆ ನಿಂತು ಎರಡೂ ಕೈ ಬಿಡ್ತೀನಿ."

"ಕೈ ಬಿಡಬ್ಯಾಡ."

"ಕೈ ಬಿಡೂದ ಅದರಾಗ ಇರೂದು. ನೀ ಬರ್ತೀಯಿಲ್ಲ?"

"ನೋಡೂಣಂತ."

"ಹೋದ ವರ್ಷಾನೂ ನೋಡೂಣಂತ ಅಂದಿದ್ದಿ. ನೀ ನೋಡಲಿಲ್ಲ. ಈ ಸಲ ನೀ ಬರಲಿಲ್ಲಂದ್ರ ನಾ ಏರೂದ ಇಲ್ಲ. ಮಾಸ್ತರಿಗೂ ಹೇಳೀನಿ."

ಹೋದ ವರ್ಷ ಆಕೆ ನನಗಾಗಿ ಕಾಯುತ್ತ ಕಂಬದ ಬುಡದಲ್ಲೇ ನಿಂತು ಸರದಿ ಕಳೆದುಕೊಂಡಿದ್ದಳೆಂದು ಹಿಟ್ಟಿನ ಗಿರಣಿಯವಳಿಂದ ನನಗೆ ಮೊದಲೇ ತಿಳಿದಿತ್ತು. ಎರಡನೆಯ ಸಲವೂ ಹಾಗೇ ನಿಂತರೆ ಮಾಸ್ತರರು ಬೇರೆ ಹುಡುಗಿಯನ್ನು ಆರಿಸುತ್ತಾರೆ. ಬರ್ತೀನಿ ಎಂದೆ. ಹೇಳಿದ ಮೇಲೆ ಬೆರಳು ಮಡಿಸಿ ಎಣಿಸಿದೆ: ಮೂರರಿಂದ ಐದರವರೆಗೆ ನಾನು ತುಂಬದಿದ್ದರೆ ರಾತ್ರಿಯ ಡಬ್ಬಿ ಅರ್ಧ ಖಾಲಿ.

ಸೋಮವಾರ ಬೆಳಿಗ್ಗೆ ತಾಸಿನ ಕಚೇರಿಯ ಸಾಹೇಬರು ಚನಮಲ್ಲಪ್ಪನವರು ಎತ್ತಿನ ಗಾಡಿಯ ಹಿಂದೆ ತಾವೇ ನಡೆದುಕೊಂಡು ಬಂದರು. ಗಾಡಿಯಲ್ಲಿ ಒಂದು ಕಟ್ಟಿಗೆಯ ಪೆಟ್ಟಿಗೆ.

"ಹೊಸ ಯಂತ್ರ, ನೀಲವ್ವ. ಭಾಳ ದೂರದಿಂದ ತರಿಸೀನಿ. ಒಂದ್ಸಲ ಹಿಡಿ ಜಗ್ಗಿದ್ರ ಒಂದು ತೋಟಾ ಬೀಳ್ತೈತಿ. ತಾಸಿಗೆ ಇನ್ನೂರು."

"ಯಾರು ಜಗ್ಗಬೇಕ್ರಿ?"

"ನೀನ."

"ಹಂಗಾದ್ರ ಅದರಾಗ ಹೊಸದೇನೈತ್ರಿ ಸಾಹೇಬ್ರ?"

ಅವರು ನಗಲಿಲ್ಲ. ಅವರು ನಕ್ಕಿದ್ದನ್ನು ಕಂಡವರು ಊರಲ್ಲಿ ಇಬ್ಬರೋ ಮೂವರೋ. ಶನಿವಾರದ ಮಾತು ಎತ್ತಿದೆ. ದಿನದ ತೊಂಬತ್ತಾರು ಡಬ್ಬಿಗೆ ಬೀಳಲಿ, ಆಮೇಲೆ ಎಲ್ಲಿಗಾದರೂ ಹೋಗು ಎಂದರು. ತಾವೇ ಗ್ಯಾದರಿಂಗಿನ ಮುಖ್ಯ ಅತಿಥಿ ಎಂದೂ, ಭಾಷಣ ಬರೆಯಲು ಶುರು ಮಾಡಿರುವುದಾಗಿಯೂ ಹೇಳಿದರು. ನನ್ನ ಲೆಕ್ಕ ಸರಳವಾಗಿತ್ತು: ಯಂತ್ರ ಕೂತರೆ ಕಾಶಿ ಏರುತ್ತಾಳೆ, ಕೂರದಿದ್ದರೆ ಇಲ್ಲ.

ಪೆಟ್ಟಿಗೆ ಒಡೆದಾಗ ಕಂಡದ್ದು ನೀಲಿ ಬಣ್ಣದ ಒಂದು ಕಬ್ಬಿಣದ ಗೂಡು, ಉದ್ದನೆಯ ಹಿಡಿ, ತಲೆಯ ಮೇಲೆ ಮದ್ದಿನ ಬುರುಡೆ, ಮತ್ತು ಬೆರಳಷ್ಟು ಸಣ್ಣ ಹದಿನೇಳು ಸಾಮಾನು. ಜೊತೆಗೊಂದು ಪುಸ್ತಕ. ಅದರ ಅಕ್ಷರ ನಮ್ಮ ಯಾರಿಗೂ ಬಾರದು. ಚಿತ್ರಗಳಿದ್ದವು, ಆದರೆ ಎಲ್ಲ ಚಿತ್ರದಲ್ಲೂ ಒಂದು ಕೈ ಮಾತ್ರ, ಆ ಕೈಯವನ ಮುಖ ಎಲ್ಲೂ ಇಲ್ಲ. ಮುಖ ಕಂಡಿದ್ದರೆ ಅವನು ಸಿಟ್ಟಿನಲ್ಲಿದ್ದಾನೋ ಸಮಾಧಾನದಲ್ಲಿದ್ದಾನೋ ತಿಳಿಯುತ್ತಿತ್ತು. ಹೊಲಿಗೆ ಯಂತ್ರ ರಿಪೇರಿ ಮಾಡುವ ಮೌಲಾಸಾಬ ಕಾಕಾನನ್ನು ಕರೆಸಿದೆ. ಅರವತ್ತು ದಾಟಿದ ಮನುಷ್ಯ, ಎಡಗಣ್ಣು ಸದಾ ಅರ್ಧ ಮುಚ್ಚಿ ನೋಡುತ್ತಾನೆ. ಪುಸ್ತಕವನ್ನು ಬದಿಗಿಟ್ಟು ಯಂತ್ರದ ಸುತ್ತ ಎರಡು ಸುತ್ತು ಬಂದ.

"ಇದು ಭಾಳ ಶಾಣ್ಯಾ ಐತಿ, ನೀಲವ್ವ. ನೋಡು, ಕೆಳಗ ತಟ್ಟಿ ತಿರಗ್ತೈತಿ, ಚೌಕಾಬಾರದಾಗ ಇದ್ದಂಗ ಐದು ಮನಿ. ಒಂದ್ಸಲ ಹಿಡಿ ಕೆಳಗ ತಂದು ಮ್ಯಾಲ ಬಿಟ್ಟಿ ಅಂದ್ರ, ಎಲ್ಲಾರೂ ಒಂದೊಂದು ಮನಿ ಮುಂದ."

ಮೊದಲ ಮನೆಯಲ್ಲಿ ಹಳೆ ಕೇಪು ಉದುರುತ್ತದೆ, ಎರಡನೆಯದರಲ್ಲಿ ಹೊಸದು ಕೂರುತ್ತದೆ, ಮೂರನೆಯದರಲ್ಲಿ ಮದ್ದು ಬೀಳುತ್ತದೆ, ನಾಲ್ಕನೆಯದರಲ್ಲಿ ಗುಂಡು, ಐದನೆಯದರಲ್ಲಿ ಬಾಯಿ ಬಿಗಿತ. ಕೇಳಿದ ಕೂಡಲೇ ನನಗೆ ಅರ್ಥವಾಯಿತು. ಐದು ಜನ ಸೊಸೆಯಂದಿರ ಮನೆಯ ರೊಟ್ಟಿ ಕೆಲಸ ಇದು. ಒಬ್ಬಾಕಿ ನಾದುತ್ತಾಳೆ, ಒಬ್ಬಾಕಿ ಬಡಿಯುತ್ತಾಳೆ, ಒಬ್ಬಾಕಿ ಹಂಚಿಗೆ ಹಾಕುತ್ತಾಳೆ, ಒಬ್ಬಾಕಿ ಸುಡುತ್ತಾಳೆ, ಒಬ್ಬಾಕಿ ಬುಟ್ಟಿಗೆ ಎಸೆಯುತ್ತಾಳೆ. ಎಲ್ಲರ ಕೈಯೂ ಒಟ್ಟಿಗೇ ಆಡಬೇಕು. ಒಬ್ಬಾಕಿ ಮಾತಿಗೆ ನಿಂತಳೋ, ಅಲ್ಲಿಗೆ ಮುಗಿಯಿತು.

ಅದನ್ನು ಕೂರಿಸುವುದೇ ಎರಡು ದಿನದ ಕೆಲಸವಾಯಿತು. ಮೊದಲು ಮೇಜಿಗೆ ಬಿಗಿದೆವು. ಹಿಡಿ ಜಗ್ಗಿದಾಗಲೆಲ್ಲ ಮೇಜು ಒಂದು ಗೇಣು ಮುಂದೆ ನಡೆಯಿತು. ಹತ್ತು ಸಲ ಜಗ್ಗುವಷ್ಟರಲ್ಲಿ ನಾನು, ಮೇಜು, ಯಂತ್ರ ಮೂವರೂ ಪಡಸಾಲೆ ದಾಟಿ ಬಚ್ಚಲ ಬಾಗಿಲಿಗೆ ಬಂದಿದ್ದೆವು. ಗೋಡೆಗೆ ಬಿಗಿದರೆ ಗೋಡೆ ಉದುರಿತು. ಕಡೆಗೆ ಮೌಲಾಸಾಬ ಕಾಕಾನ ಅರ್ಧ ಮುಚ್ಚಿದ ಕಣ್ಣು ನನ್ನ ಗಂಡನ ಸಾಗವಾನಿ ಮಂಚದ ಮೇಲೆ ಬಿತ್ತು.

"ಇದಕ್ಕ ಬಿಗಿಯೂಣು."

"ನನ್ನ ಮಂಚಕ್ಕ್ಯಾಕ?" ಎಂದ ನನ್ನ ಗಂಡ.

"ಊರಾಗ ಇದಕ್ಕಿಂತ ಅಲುಗಾಡದ ವಸ್ತು ಇನ್ನೊಂದಿಲ್ಲ, ತಾಸಪ್ಪಾರ. ಅದರ ಮ್ಯಾಲ ನೀವು ಬ್ಯಾರೆ ಇರ್ತೀರಿ."

ಬುಧವಾರ ಬೆಳಿಗ್ಗೆ ಮಂಚದ ಕಾಲ ಕಡೆಯ ಹಲಗೆಗೆ ನಾಲ್ಕು ಬೋಲ್ಟಿನಲ್ಲಿ ಯಂತ್ರ ನಿಂತಿತು. ಮಂಚವೂ ಸ್ವಲ್ಪ ಎದ್ದೆದ್ದು ಕೂರುತ್ತಿತ್ತು. ಭಾರಕ್ಕಾಗಿ ನನ್ನ ಗಂಡ ಅದರ ಮೇಲೆ ಮಲಗಬೇಕೆಂದು ತೀರ್ಮಾನವಾಯಿತು. ಮದುವೆಯಾಗಿ ಹದಿಮೂರು ವರ್ಷಕ್ಕೆ ಅವನು ಮಲಗಿದ್ದು ಮನೆಗೆ ಉಪಯೋಗಕ್ಕೆ ಬಂದದ್ದು ಅದೇ ಮೊದಲು. ಹಿಡಿ ಜಗ್ಗಿದಾಗಲೆಲ್ಲ ಅವನು ತೊಟ್ಟಿಲಲ್ಲಿಟ್ಟ ಕೂಸಿನಂತೆ ತೂಗುತ್ತಿದ್ದ. ಎಂಟನೆಯ ತೋಟಾ ಬೀಳುವಷ್ಟರಲ್ಲಿ ಗೊರಕೆ. ತಾಸಿಗೊಮ್ಮೆ ಎಬ್ಬಿಸಿ ಹುಡೇವಿಗೆ ಕಳಿಸುತ್ತಿದ್ದೆ. ಅವನು ಇಲ್ಲದ ಹೊತ್ತಿನಲ್ಲಿ ಮಂಚದ ಮೇಲೆ ಜೋಳದ ಚೀಲ ಇಡುತ್ತಿದ್ದೆ. ಚೀಲ ಅವನಿಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ ಎಂದು ಬಾಯಿತಪ್ಪಿ ಹೇಳಿದ್ದಕ್ಕೆ ಮಧ್ಯಾಹ್ನ ಊಟದಲ್ಲಿ ಎರಡನೆಯ ರೊಟ್ಟಿ ಬೇಡವೆಂದ.

ಅಷ್ಟರಲ್ಲಿ ಡಬ್ಬಿ ಎರಡು ತುಂಬಿದ್ದವು. ಒಂದು ಗಂಟೆ ಆಗಬೇಕಿತ್ತು. ಅವನು ಹೊಸ ತೋಟಾ ತೆಗೆದುಕೊಂಡು ಹೋಗಿ ಹಾರಿಸಿದ. ಪಡುವಣಕ್ಕೆ, ತೆಂಕಣಕ್ಕೆ, ಬಡಗಣಕ್ಕೆ ಹಾರಿಸಿದ್ದು ಎಂದಿನ ಹಾಗೇ ಇದ್ದವು. ಮೂಡಣಕ್ಕೆ ಹಾರಿಸಿದ್ದು ಮಾತ್ರ ಸಿಡಿಲು ಬಡಿದಂತೆ ಕೇಳಿಸಿತು. ಮೂಡಣ ಓಣಿಯಲ್ಲಿ ನೇರವಾಗಿ ಎರಡು ಗಂಟೆಯಾಯಿತು.

ಆ ಓಣಿಯವರಿಗೆ ಒಂದು ತಾಸು ಎಲ್ಲಿ ಹೋಯಿತೆಂದೇ ತಿಳಿಯಲಿಲ್ಲ. ಊಟಕ್ಕೆ ಕೂತವರಿಗೆ ಹೊಟ್ಟೆ ತುಂಬಿತ್ತು, ಉಂಡ ನೆನಪಿಲ್ಲ. ಕ್ಷೌರದ ಅಂಗಡಿಯಲ್ಲಿ ಒಬ್ಬನ ಅರ್ಧ ಗಡ್ಡ ಬೋಳಾಗಿ, ಉಳಿದರ್ಧ ಇನ್ನೊಂದು ತಾಸು ಬೆಳೆದಿತ್ತು. ಹೆಣ್ಣು ನೋಡಲು ಬಂದವರು ನೋಡಿ ಮುಗಿಸಿ ಎದ್ದು ನಿಂತಿದ್ದರು. ಹುಡುಗಿ ಹೇಗಿದ್ದಳೆಂದು ಹುಡುಗನಿಗೂ ಗೊತ್ತಿಲ್ಲ, ಆದರೆ ಒಪ್ಪಿಗೆ ಕೊಟ್ಟಾಗಿತ್ತು. ಇದರ ಲಾಭ ಪಡೆದವರೂ ಇದ್ದರು. ಮೂಡಣ ಓಣಿಯಲ್ಲಿ ಎರಡು, ಪಡುವಣ ಓಣಿಯಲ್ಲಿ ಒಂದು ಎಂದು ತಿಳಿದ ಕೂಡಲೇ ಕೆಲಸಕ್ಕೆ ತಡವಾದವರು ಪಡುವಣಕ್ಕೂ, ಕೆಲಸ ಬೇಗ ಮುಗಿಯಲಿ ಎನ್ನುವವರು ಮೂಡಣಕ್ಕೂ ಓಡಿದರು. ಸಂತೆ ರಸ್ತೆಯ ನಡುವೆ ನಿಂತು ಒಬ್ಬ ಒಂದು ಕಾಲು ಒಂದು ಗಂಟೆಯಲ್ಲಿ, ಇನ್ನೊಂದು ಕಾಲು ಎರಡು ಗಂಟೆಯಲ್ಲಿ ಇಟ್ಟುಕೊಂಡು ತಂಬಾಕು ತಿಕ್ಕುತ್ತಿದ್ದನಂತೆ.

ಚನಮಲ್ಲಪ್ಪನವರ ಮನೆ ಮೂಡಣ ಓಣಿಯಲ್ಲಿ. ಮಧ್ಯಾಹ್ನದ ನಿದ್ದೆ ಕಳೆದುಕೊಂಡ ಮುಖದಲ್ಲೇ ಬಂದರು.

"ಏನ್ ಹಾಕಿದ್ದಿ ಅದರಾಗ?"

"ಮದ್ದರಿ."

"ಎಷ್ಟ್?"

"ನಾ ಎಲ್ಲಿ ಹಾಕ್ತೀನ್ರಿ, ಯಂತ್ರ ಹಾಕ್ತೈತಿ."

ಆ ತೋಟಾದಲ್ಲಿ ಎರಡು ಪಟ್ಟು ಮದ್ದು ಬಿದ್ದಿತ್ತು, ಅಷ್ಟೇ. ಏಕೆ ಬಿದ್ದಿತೆಂದು ಯಾರಿಗೂ ತಿಳಿಯಲಿಲ್ಲ. ಸರಿಮಾಡಲು ಮುಂದಿನ ತಾಸಿಗೆ ಮೂಡಣಕ್ಕೆ ಹಾರಿಸಲಿಲ್ಲ. ಆ ಓಣಿಯವರು ಎರಡೂ ಐವತ್ತೊಂಬತ್ತರಲ್ಲಿ ಕೂತು ಉಳಿದವರನ್ನು ಕಾಯ್ದರು. ಗುರುವಾರವೂ ಹೀಗೇ. ಬೆಳಿಗ್ಗೆ ಬಡಗಣ ಓಣಿ ಒಂದು ತಾಸು ಮುಂದೆ ಹೋಯಿತು, ಮಧ್ಯಾಹ್ನ ತೆಂಕಣ ಓಣಿ. ಸಿಕ್ಕಿಕೊಂಡ ತಟ್ಟೆಯನ್ನು ನಾನು ಬೆರಳಿನಿಂದ ದೂಡಿದ್ದಕ್ಕೆ ಒಂದು ಕೊಳವೆಗೆ ಮದ್ದೇ ಬೀಳದೆ, ಅದು ಪಡುವಣಕ್ಕೆ ಠುಸ್ ಎಂದಿತು. ಚನಮಲ್ಲಪ್ಪನವರು ಬಾಗಿಲಲ್ಲೇ ನಿಂತು ಹೇಳಿದರು: ಬುಧವಾರದಿಂದ ತುಂಬಿದ್ದನ್ನೆಲ್ಲ ಒಡೆದು ಮತ್ತೆ ತುಂಬಬೇಕು, ಇನ್ನೊಂದೇ ಒಂದು ಸಲ ಊರಿನ ಹೊತ್ತು ಹಿಂದುಮುಂದಾದರೆ ಯಂತ್ರ ಪೆಟ್ಟಿಗೆಗೆ, ನಾನು ನನ್ನ ಚಮಚೆಗೆ.

ಅವರು ಹೋದ ಮೇಲೆ ಮೌಲಾಸಾಬ ಕಾಕಾ ಮಂಚದ ಹತ್ತಿರ ಸ್ಟೂಲು ಹಾಕಿ ಕೂತ. ನೀ ತುಂಬು, ನಾ ನೋಡ್ತೀನಿ ಎಂದ. ಜೋಳದ ಚೀಲ ಮಂಚದ ಮೇಲಿತ್ತು, ನನ್ನ ಗಂಡ ಹುಡೇವಿನಲ್ಲಿದ್ದ. ನಾನು ಜಗ್ಗಿದೆ. ಇಪ್ಪತ್ತು, ಮೂವತ್ತು, ಎಲ್ಲ ಸರಿಯಾಗಿ ಬಿದ್ದವು. ಅಷ್ಟರಲ್ಲಿ ಐದು ಗಂಟೆಯ ಸದ್ದಾಯಿತು. ನಾನು ಹಿಡಿ ಬಿಟ್ಟು, ಕೈ ಎದೆಗೆ ಹಚ್ಚಿ, "ಬಂತು" ಎಂದು, ಮತ್ತೆ ಹಿಡಿ ಹಿಡಿದೆ. ಕಾಕಾ ಕೂಡ ಕೈ ಎದೆಗೆ ಹಚ್ಚಿದ್ದ, ಆದರೆ ಅವನ ಅರ್ಧ ಕಣ್ಣು ತಟ್ಟೆಯ ಮೇಲೇ ಇತ್ತು.

"ನಿಲ್ಲು. ಆ ಮೂರನೇ ಮನೀದು ತಗಿ."

ತೆಗೆದು ನೋಡಿದರೆ ಕೊಳವೆಯ ಬಾಯಿವರೆಗೆ ಮದ್ದು.

"ಅರ್ಧಕ್ಕ ಬಿಟ್ಟಿ. ಮದ್ದು ಬಿದ್ದಿತ್ತು, ತಟ್ಟಿ ಇನ್ನೂ ತಿರಗಿದ್ದಿಲ್ಲ. ಮತ್ತ ಜಗ್ಗಿದಿ, ಅದಕ್ಕ ಮತ್ತ ಬಿತ್ತು. ಇದನ್ನ ಮಾಡಿದವರ ಊರಾಗ ತಾಸಿಗೊಮ್ಮೆ ಎದಿ ಮುಟ್ಟಿಕೊಳ್ಳೂದಿಲ್ಲ ಕಾಣಸ್ತೈತಿ."

ನಾನು ತಲೆಯ ಮೇಲೆ ಕೈ ಹೊತ್ತು ಕೂತೆ. ತಾಸಿನ ಸದ್ದಿಗೆ ಕೈ ನಿಲ್ಲಿಸದಿರುವುದು ತಾಸಪ್ಪನ ಹೆಂಡತಿಯಿಂದ ಆಗುವ ಮಾತಲ್ಲ. ಹಾಗೆಂದು ಸದ್ದಿಗೆ ಮುಂಚೆಯೇ ಕೆಲಸ ನಿಲ್ಲಿಸೋಣವೆಂದರೆ, ಸದ್ದು ಯಾವಾಗ ಬರುತ್ತದೆಂದು ಯಾರಿಗೆ ಗೊತ್ತು? ಐವತ್ತೊಂಬತ್ತಕ್ಕೆ ಹೊತ್ತು ಕೂರುತ್ತದೆ. ಆಮೇಲೆ ನನ್ನ ಗಂಡ ಎಲೆಗೆ ಸುಣ್ಣ ಹಚ್ಚಿ, ಅಡಕೆ ಕತ್ತರಿಸಿ, ಬಾಯಿಗೆ ಹಾಕಿ, ಕೆಳಗೆ ಹೋಗುವವರ ಯೋಗಕ್ಷೇಮ ವಿಚಾರಿಸಿ, ಆಮೇಲೆ ಹಾರಿಸುತ್ತಾನೆ. ಕಾಕಾ ಮಂಚವನ್ನು ನೋಡಿದ, ಜೋಳದ ಚೀಲವನ್ನು ನೋಡಿದ, ಚೀಲವನ್ನು ತೆಗೆದು ನೆಲಕ್ಕಿಟ್ಟ.

"ತಾಸಪ್ಪಾರು ಮಂಚದ ಮ್ಯಾಲ ಇದ್ದಾಗ ಗುಂಡು ಯಾರು ಹೊಡೀತಾರ?"

"ಯಾರೂ ಇಲ್ಲ."

"ಮತ್ತ? ಅವರು ಮಲಗಿದಾಗಷ್ಟ ತುಂಬು. ಅವರು ಎದ್ದು ಹೋದ್ರು ಅಂದ್ರ ಕೈ ತಗಿ."

ಇಷ್ಟು ಸುಲಭದ ಮಾತು ಎರಡು ದಿನ ಯಾರಿಗೂ ಹೊಳೆದಿರಲಿಲ್ಲ. ಶುಕ್ರವಾರ ಬೆಳಗಿನಿಂದ ನಾನು ಗಂಡನನ್ನು ಮಲಗಿಸಿ ತುಂಬಿದೆ, ಎಬ್ಬಿಸಿ ಕಳಿಸಿದೆ, ಮತ್ತೆ ಮಲಗಿಸಿದೆ. ಒಂದೇ ಒಂದು ತೋಟಾ ಕೆಡಲಿಲ್ಲ. ಕೆಟ್ಟದ್ದು ಬೇರೆಯದೇ. ಹನ್ನೊಂದಾಗಬೇಕಾದ ಹೊತ್ತಿಗೆ ನಾನು ಹಳೆಯ ತೋಟಾಗಳನ್ನು ಒಡೆದು ತುಂಬುವ ಭರದಲ್ಲಿದ್ದೆ. ಕೈ ಓಡುತ್ತಿತ್ತು, ಮಂಚ ತೂಗುತ್ತಿತ್ತು, ಅವನಿಗೆ ಗಾಢ ನಿದ್ದೆ ಹತ್ತಿತ್ತು. ಬಾಗಿಲಲ್ಲಿ ಜನ ಸೇರಿದಾಗಲೇ ನಾನು ತಲೆ ಎತ್ತಿದ್ದು.

"ನೀಲವ್ವಾ, ಹತ್ತೂ ಐವತ್ತೊಂಬತ್ತು ಆಗಿ ನಮ್ಮ ಮನ್ಯಾಗ ಎರಡ ಸಲ ಬ್ಯಾಳಿ ಹತ್ತೇತಿ," ಎಂದಳು ಹಿಟ್ಟಿನ ಗಿರಣಿಯವಳು. "ನಿನ್ನ ಗಂಡನ್ನ ಎಬ್ಬಸ್ತೀಯೋ, ಇಲ್ಲಾ ನಾವು ಮಂಚಾನ ಹೊತಗೊಂಡು ಹುಡೇವಿಗೆ ಹೋಗಬೇಕೋ?"

ಅವನು ಎದ್ದು ಓಡಿದ. ಹಿಂದೆಯೇ ಚನಮಲ್ಲಪ್ಪನವರ ಚೀಟಿ ಬಂತು. ಅದರಲ್ಲಿ ಒಂದೇ ಸಾಲಿತ್ತು: ತಪ್ಪು ತೋಟಾದ್ದಲ್ಲ, ನಿದ್ದೆಯದು ಎಂದು ಈ ಸಲ ಬಿಟ್ಟಿದ್ದೇನೆ, ಇನ್ನೊಮ್ಮೆ ಹೊತ್ತು ನಿಂತರೆ ಯಂತ್ರ ಹಿಂದಕ್ಕೆ. ನಾನು ಚೀಟಿಯನ್ನು ಗಂಡನ ದಿಂಬಿಗೆ ಸೂಜಿ ಹಾಕಿ ಚುಚ್ಚಿಟ್ಟೆ, ಮಲಗಿದಾಗ ಕಣ್ಣಿಗೆ ಕಾಣುವ ಹಾಗೆ. ಅವನಿಗೆ ಸಿಟ್ಟು ಬಂತು, ಆದರೆ ಆಮೇಲೆ ಮಲಗಿದಾಗಲೆಲ್ಲ ಒಂದು ಕಣ್ಣು ತೆರೆದೇ ಮಲಗಿದ.

ಶನಿವಾರ ಬೆಳಿಗ್ಗೆ ಕಾಶಿ ಸಾಲಿಗೆ ಹೊರಡುವಾಗ ಡಬ್ಬಿಗಳ ಕಡೆ ನೋಡಿದಳು, ನನ್ನ ಕಡೆ ನೋಡಲಿಲ್ಲ. "ಎಷ್ಟ್ ಉಳದಾವ?" ಎಂದಳು. ನೂರಾ ಎಂಬತ್ತು ಎಂದೆ. "ಬರ್ತೀಯಂತ ನಾ ಎಲ್ಲಾರಿಗೂ ಹೇಳೀನಿ," ಎಂದು ಹೋದಳು. ಯಂತ್ರ ತುಂಬುತ್ತದೆ ಅಷ್ಟೇ, ಹಳೆಯದನ್ನು ಒಡೆಯುವುದು, ತೊಳೆಯುವುದು, ಒಂದೊಂದನ್ನೂ ಪರೀಕ್ಷಿಸುವುದು ನನ್ನ ಕೈಯದೇ, ಹಾಗಾಗಿ ಅಂದು ನಾನು ಊಟಕ್ಕೆ ಏಳಲಿಲ್ಲ. ಗಂಡ ಬಂದು ಮಲಗುವನು, ನಾನು ಜಗ್ಗುವೆನು. ಅವನು ಎದ್ದು ಹೋಗುವನು, ನಾನು ಕೊಳವೆ ತೊಳೆಯುವೆನು. ವಾರವಿಡೀ ಸರಿಯಾಗಿ ನಿದ್ದೆಯಿರಲಿಲ್ಲ. ಹಿಡಿ ಮೇಲೆ ಹೋದಾಗ ಎಚ್ಚರ, ಕೆಳಗೆ ಬಂದಾಗ ಜೋಂಪು ಎನ್ನುವ ಹಾಗಾಗಿತ್ತು. ಮೂರೂವರೆಗೆ ಕೊನೆಯದು ಡಬ್ಬಿಗೆ ಬಿತ್ತು. ಕಚೇರಿಯ ಜವಾನ ಎಣಿಸಿ, ಅಲುಗಾಡಿಸಿ, ಮೂಸಿ ನೋಡಿ, ಸರಿಯಿದೆ ಎಂದ.

"ಹೋಗು ಇನ್ನ," ಎಂದ ನನ್ನ ಗಂಡ, ಡಬ್ಬಿಯನ್ನು ಬಗಲಿಗೆ ಹಾಕಿಕೊಳ್ಳುತ್ತ. "ನಾಲ್ಕಕ್ಕ ಹೊಡದ ಕೂಡಲೆ ಶುರು ಮಾಡ್ತಾರ. ತಲಿಯರೆ ಬಾಚಿಕೋ."

ತಲೆ ಬಾಚಲಿಲ್ಲ. ಕೈಗೆ ಹತ್ತಿದ ಮದ್ದಿನ ಕಪ್ಪು ಸೆರಗಿಗೆ ಒರೆಸುತ್ತ ಓಡಿದೆ. ಸಾಲಿಯ ಬಯಲಿನಲ್ಲಿ ತಾಡಪತ್ರಿ ಹಾಸಿ ಊರೆಲ್ಲ ಕೂತಿತ್ತು. ಮೌಲಾಸಾಬ ಕಾಕಾ ಬೇವಿನ ಮರದ ಬುಡದಲ್ಲಿ ಶೇಂಗಾದ ಪೊಟ್ಟಣ ಹಿಡಿದು ನನಗೊಂದು ಜಾಗ ಇಟ್ಟಿದ್ದ. ನಡುವೆ ಔಡಲೆಣ್ಣೆ ಸವರಿದ ಕಂಬ ಬಿಸಿಲಿಗೆ ಮಿಂಚುತ್ತಿತ್ತು. ಅದರ ಬುಡದಲ್ಲಿ ಕಾಶಿ, ಕೂದಲನ್ನು ಎಳೆದು ಕಟ್ಟಿ, ಸೊಂಟಕ್ಕೆ ಕೆಂಪು ಪಟ್ಟಿ ಬಿಗಿದು ನಿಂತಿದ್ದಳು. ನನ್ನನ್ನು ಕಂಡಳು. ಕೈ ಬೀಸಲಿಲ್ಲ, ದೊಡ್ಡವರ ಹಾಗೆ ತಲೆ ಮಾತ್ರ ಆಡಿಸಿದಳು. ವೇದಿಕೆಯ ಮೇಲೆ ಚನಮಲ್ಲಪ್ಪನವರು ಹಾರ ಹಾಕಿಕೊಂಡು ಭಾಷಣ ಶುರು ಮಾಡಿದ್ದರು. ಮೂರೂ ನಲವತ್ತೈದು. ಇನ್ನು ಹದಿನೈದು ನಿಮಿಷ. ನಾನು ಬೇವಿನ ಮರಕ್ಕೆ ಬೆನ್ನು ಕೊಟ್ಟೆ. ಸಾಹೇಬರು ಶಿಸ್ತು ಎಂದದ್ದು ಕೇಳಿಸಿತು. ಸಮಯಪಾಲನೆ ಎಂದದ್ದು ಅರ್ಧ ಕೇಳಿಸಿತು.

ಕಣ್ಣು ಬಿಟ್ಟಾಗ ಮೊದಲು ತಿಳಿದದ್ದು, ಮೈ ಹಗುರಾಗಿದೆ ಎಂಬುದು. ವರ್ಷಗಳಿಂದ ಕತ್ತಿನಲ್ಲಿ ಕೂತಿದ್ದ ನೋವು ಎದ್ದು ಎಲ್ಲೋ ಹೋಗಿತ್ತು. ಎರಡನೆಯದಾಗಿ ತಿಳಿದದ್ದು, ನಾನು ನಿದ್ದೆ ಮಾಡಿದ್ದೆ ಎಂಬುದು. ಧಡಕ್ಕನೆ ನೆಟ್ಟಗೆ ಕೂತೆ. ಕಾಕಾನ ಮುಂದೆ ಶೇಂಗಾ ಸಿಪ್ಪೆಯ ರಾಶಿ ಮೊಣಕಾಲೆತ್ತರ ಇತ್ತು.

"ಮುಗೀತೇನ್ ಕಾಕಾ? ಕಾಶೀದು?"

"ಇನ್ನ ನಾಲ್ಕ ಆಗಿಲ್ಲವ್ವ."

"ಎಷ್ಟೊತ್ತು ಮಲಗಿದ್ದೆ?"

"ಗಡಿಯಾರದ ಪ್ರಕಾರ ಹದಿನಾಲ್ಕು ನಿಮಿಷ. ಶೇಂಗಾದ ಪ್ರಕಾರ ಎರಡು ಸೇರು."

ಸುತ್ತ ನೋಡಿದೆ. ಅರ್ಧ ಊರು ತಾಡಪತ್ರಿಯ ಮೇಲೆ ಅಡ್ಡಾಗಿತ್ತು. ಹಿಟ್ಟಿನ ಗಿರಣಿಯವಳು ಮನೆಗೆ ಹೋಗಿ ಬುತ್ತಿ ಕಟ್ಟಿಕೊಂಡು ಬಂದು ಹಂಚುತ್ತಿದ್ದಳು. ಕಾಶಿ ಕಂಬದ ಬುಡದಲ್ಲಿ, ನಾನು ಕಂಡಾಗ ನಿಂತಿದ್ದ ಹಾಗೇ, ಕೈ ಕಟ್ಟಿ ನಿಂತಿದ್ದಳು. ಕಾಕಾ ಸಿಪ್ಪೆ ಉಗುಳಿ ಹೇಳಿದ.

"ನಿನ್ನ ಗೊರಕಿ ಶುರು ಆತು. ಅವ್ವ ಏಳೂತನಕ ಏರೂದಿಲ್ಲಂತ ಇಕಿ ಅಂದ್ಲು. ನಾಲ್ಕು ಹೊಡದ್ರ ಶುರು ಮಾಡೂದ, ಯಾರನೂ ಕಾಯೂದಿಲ್ಲಂತ ಮಾಸ್ತರು ಅಂದ್ರು. ಹಂಗಾದ್ರ ಹೊಡಿಯೂದ ಬ್ಯಾಡಂತ ಇಕಿ ಬಯಲಿನ ನಡುವ ಹೋಗಿ, ಹುಡೇವಿನ ಕಡೆ ಮುಖ ಮಾಡಿ, ಎರಡೂ ಕೈ ಎತ್ತಿ ನಿಂತ್ಲು. ಅಲ್ಲಿಂದ ಅವರಪ್ಪ ನೋಡ್ದ. ನಿನ್ನೂ ನೋಡ್ದ. ಪಿಸ್ತೂಲು ಕೆಳಗ ಇಟ್ಟ."

"ಸಾಹೇಬ್ರು?"

"ಅವರು ಪಾಪ, ಭಾಷಣ ನಾಲ್ಕರ ತನಕ ಅಂತ ಬರಕೊಂಡು ಬಂದಿದ್ರು. ನಾಲ್ಕ ಬರವಲ್ದು. ಶಿಸ್ತು ಮುಗೀತು, ಸಮಯ ಮುಗೀತು, ದೇಶ ಮುಗೀತು. ಈಗ ತಮ್ಮ ಮೂಲವ್ಯಾಧಿ ಆಪರೇಷನ್ ಹೇಳಾಕತ್ತಾರ."

ನಿಜವಾಗಿಯೂ ಹೇಳುತ್ತಿದ್ದರು. ಜನ ಭಾಷಣಕ್ಕಿಂತ ಇದನ್ನೇ ಗಮನವಿಟ್ಟು ಕೇಳುತ್ತಿದ್ದರು. ಮಾತಿನ ನಡುವೆ ಅವರ ಕಣ್ಣು ನನ್ನ ಮೇಲೆ ಬಿತ್ತು, ಅಲ್ಲಿಗೆ ಆಪರೇಷನ್ ನಿಂತಿತು. ವೇದಿಕೆಯ ತುದಿಗೆ ಬಂದು, ಹುಡೇವಿನ ಕಡೆ ಕೈ ಮಾಡಿ, ಇಡೀ ಬಯಲಿಗೆ ಕೇಳುವ ಹಾಗೆ ಕೂಗಿದರು.

"ತಾಸಪ್ಪಾ, ಕಡೇ ಸಲ ಕೇಳ್ತೀನಿ. ಯಾಕ ಹೊಡಿವಲ್ಲಿ?"

ಮೇಲಿನಿಂದ ನನ್ನ ಗಂಡನ ದನಿ ನಿಧಾನವಾಗಿ, ಸ್ಪಷ್ಟವಾಗಿ ಬಂತು. "ಎಷ್ಟ್ ಸಲ ಹೇಳಬೇಕ್ರಿ ಸಾಹೇಬ್ರ. ತೋಟಾ ಎಲ್ಲಾ ಠುಸ್ ಅದಾವ. ಒಂದೂ ಹಾರವಲ್ದು."

"ಕೇಳಿದೇನು ನೀಲವ್ವ? ಸೋಮವಾರ ಆ ಯಂತ್ರ ಗಾಡಿಗೆ ಹೇರು."

ನನ್ನ ಮೈಯೆಲ್ಲ ಉರಿದುಹೋಯಿತು. ನನ್ನ ತೋಟಾ ಠುಸ್ಸೇ? ಮೂರು ದಿನ ಬೆನ್ನು ಮುರಿದು, ಒಂದೊಂದರ ಹೊಟ್ಟೆಯನ್ನೂ ಕಣ್ಣಿಟ್ಟು ನೋಡಿ ತುಂಬಿದ್ದು. ಅದರಲ್ಲಿ ಒಂದೂ ಠುಸ್ ಎನ್ನುವುದಿಲ್ಲವೆಂದು ಈ ಊರಿನ ಯಾವ ದೇವರ ಮುಂದೆ ಬೇಕಾದರೂ ಆಣೆ ಇಡುತ್ತೇನೆ. ನಾನು ಎದ್ದು ನಿಂತೆ. ಒಂದು ಮಾತು ಕೂಗಿದರೆ ಸಾಕಿತ್ತು: ಸುಳ್ಳು ಹೇಳ್ತಾನ್ರಿ, ಒಂದು ಹಾರಿಸಿ ತೋರಿಸಲಿ. ಯಂತ್ರ ಉಳಿಯುತ್ತಿತ್ತು, ಹೆಸರೂ ಉಳಿಯುತ್ತಿತ್ತು.

"ಕುಂದ್ರ," ಎಂದು ಕಾಕಾ ಸೆರಗು ಹಿಡಿದು ಎಳೆದ. "ಏರಾಕತ್ತಾಳ."

ನಾನು ಎದ್ದದ್ದನ್ನು ಕಾಶಿ ನೋಡಿದ್ದಳು. ಮಾಸ್ತರರನ್ನು ಕೇಳಲಿಲ್ಲ, ಸೀಟಿಗೂ ಕಾಯಲಿಲ್ಲ. ಅಂಗೈಗೆ ಮಣ್ಣು ಉಜ್ಜಿಕೊಂಡು, ಕಂಬಕ್ಕೊಮ್ಮೆ ಕೈಮುಗಿದು, ಹಾರಿ ತಬ್ಬಿದಳು. ತಲೆ ಕೆಳಗೆ, ಕಾಲು ಮೇಲೆ. ಬಳ್ಳಿ ಮರಕ್ಕೆ ಸುತ್ತುವ ಹಾಗೆ ಒಂದು ಸುತ್ತು, ಎರಡು ಸುತ್ತು. ಎಣ್ಣೆಯ ಕಂಬ ಅವಳನ್ನು ಕೆಳಗೆ ಜಾರಿಸಲು ನೋಡಿತು, ಅವಳು ತೊಡೆಯಿಂದ ಕಚ್ಚಿ ನಿಂತಳು. ಇಷ್ಟು ದಿನ ನನ್ನ ಮಗ್ಗುಲಲ್ಲಿ ಕಾಲು ಹಾಕಿ ಮಲಗುತ್ತಿದ್ದ ಹುಡುಗಿಯ ಕಾಲಿನಲ್ಲಿ ಇಷ್ಟು ಕಸುವಿದೆ ಎಂದು ನನಗೆ ಗೊತ್ತಿರಲಿಲ್ಲ. ಕಂಬದ ತುದಿಯ ಗುಂಡನೆಯ ಮರದ ಗುಬ್ಬಿಯನ್ನು ಹಿಡಿದಳು. ಅದರ ಮೇಲೆ ಮೊದಲು ಮೊಣಕಾಲು, ಆಮೇಲೆ ಪಾದ. ಒಂದೇ ಪಾದ. ಇನ್ನೊಂದು ಕಾಲು ಹಿಂದಕ್ಕೆ ಎತ್ತಿದಳು.

"ಸೋಮವಾರ ಅಂದ್ರ ಸೋಮವಾರ," ಎಂದು ಸಾಹೇಬರು ಇನ್ನೂ ಕೂಗುತ್ತಿದ್ದರು.

ಹೇಳಿಬಿಡೋಣವೆಂದು ಬಾಯಿ ತೆರೆದೆ. ಅಷ್ಟರಲ್ಲಿ ಕಾಶಿ ಎರಡೂ ಕೈ ಬಿಟ್ಟಳು.

ಬಾಯಿ ತೆರೆದದ್ದು ತೆರೆದೇ ಇತ್ತು, ಯಂತ್ರದ ಮಾತು ಮರೆತೇಹೋಯಿತು. ಹುಡೇವಿನ ಮೇಲೆ ನನ್ನ ಗಂಡನೂ ಎರಡೂ ಕೈ ಕಟ್ಟೆಗೆ ಊರಿ, ಕತ್ತು ಮುಂದಕ್ಕೆ ಚಾಚಿ ನಿಂತಿದ್ದ. ಪಿಸ್ತೂಲು ಅವನ ಪಕ್ಕದಲ್ಲಿ ಎಲ್ಲೋ ಬಿದ್ದಿತ್ತು. ಅವಳು ಅಲ್ಲಿ ಎಷ್ಟು ಹೊತ್ತು ನಿಂತಳೆಂದು ಆಮೇಲೆ ಎಲ್ಲರೂ ಕೇಳಿದರು. ನಮ್ಮೂರಿನಲ್ಲಿ ಅದನ್ನು ಹೇಳುವ ಹಾಗಿಲ್ಲ. ನಾಲ್ಕು ಗಂಟೆ ಬಂದು ಹೊರಗೇ ನಿಂತಿತ್ತು, ಒಳಗೆ ಬಾ ಎನ್ನಲು ನಮ್ಮಲ್ಲಿ ಯಾರಿಗೂ ಕೈ ಬಿಡುವಿರಲಿಲ್ಲ.